ಸಮಕ್ಕೆ ಕುಳಿತ ಕ್ಯಾಮೆರಾ



ಬೀದರಿನ ಗಡಿ ದಾಟಿದರೆ ಜಹೀರಾಬಾದು. ಅದರ ಪಕ್ಕದಲ್ಲೇ ಪಸ್ತಾಪುರ. ಅಲ್ಲಿ ಹೊಲಗೆಲಸದ ದಲಿತ ಹೆಂಗಸರು, ಓದುಬರಹ ಬಾರದವರೂ ಸೇರಿ, ವಿಡಿಯೋ ಕ್ಯಾಮೆರಾ ಹಿಡಿದರು. ಬೆನ್ನಿಗೆ ನಿಂತವರು ಮೈಸೂರು ಮೂಲದ ಪಿ.ವಿ. ಸತೀಶ್. ಮೇಲಿನಿಂದ ತೆಗೆದ ಚಿತ್ರಕ್ಕೆ ಆ ಹೆಂಗಸರು ಇಟ್ಟ ಹೆಸರು ‘ಪಟೇಲ್ ಶಾಟ್’. ಕೆಳಗಿನಿಂದ ತೆಗೆದದ್ದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾದರೆ ‘ಸಂಘಂ ಶಾಟ್’.

2002ರಲ್ಲಿ ಸರಕಾರ ಬಿ.ಟಿ. ಹತ್ತಿಗೆ ಒಪ್ಪಿಗೆ ಕೊಟ್ಟಿತು. ಆ ಹಂಗಾಮಿನಲ್ಲಿ ಇವರು ವಾರಂಗಲ್ಲಿನ ಹೊಲಗಳಿಗೆ ಮತ್ತೆ ಮತ್ತೆ ಹೋದರು. ಬಿತ್ತನೆಯ ಆಸೆಯಿಂದ ಹಿಡಿದು ಬೆಳೆ ಕೈಕೊಟ್ಟ ಸಿಟ್ಟಿನವರೆಗೆ ರೈತರ ಮಾತನ್ನು ಚಿತ್ರದಲ್ಲಿ ಉಳಿಸಿದರು.

ಇಂದು ನಿಮ್ಮ ಕೈಯಲ್ಲೂ ಕ್ಯಾಮೆರಾ ಇರುವ ಫೋನಿದೆ. ಕೆರೆ ಒಡೆದಾಗ, ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ ಅದನ್ನೆತ್ತಿರಿ. ಆದರೆ ಮೊದಲು ನೊಂದವರ ಪಕ್ಕದಲ್ಲಿ, ಅವರ ಸಮಕ್ಕೆ, ಕುಳಿತುಕೊಳ್ಳಿರಿ.