ಅಂಗೈಯ ಜೋಳಿಗೆ



ಹಿಂದೆ ಊರ ಹುಡುಗ ಕೆಡಬೇಕಾದರೆ ಸಾರಾಯಿ ಅಂಗಡಿಯವರೆಗಾದರೂ ನಡೆದು ಹೋಗಬೇಕಾಗಿತ್ತು. ಈಗ ಕುಡಿತದ ಕರೆ ಮೊಬೈಲಿನೊಳಗಿನಿಂದ ಅಂಗೈಗೇ ಬರುತ್ತದೆ. ಗೆಳೆಯನ ಹುಟ್ಟುಹಬ್ಬ, ಕೈಯಲ್ಲಿ ಗ್ಲಾಸು, ಮುಖದ ತುಂಬ ನಗೆ. ನೋಡಿದ ಹುಡುಗ, ‘ಎಲ್ಲರೂ ಕುಡಿಯುತ್ತಾರೆ, ನಾನೊಬ್ಬನೇ ಏಕೆ ಹಿಂದುಳಿಯಲಿ?’ ಎಂದುಕೊಳ್ಳುತ್ತಾನೆ.

ಎಲ್ಲರೂ ಕುಡಿಯುತ್ತಾರೆಯೇ? ಇಲ್ಲ. ಕುಡಿದವನು ಚಿತ್ರ ಹಾಕುತ್ತಾನೆ. ಕುಡಿಯದೆ ಮನೆಗೆ ಹೋಗಿ ಉಂಡು ಮಲಗಿದವನು ಹಾಕುವುದಿಲ್ಲ. ಮರುದಿನದ ವಾಂತಿ, ತಾಯಿಯ ಕಣ್ಣೀರು, ಬೈಕಿನಿಂದ ಬಿದ್ದವನ ನರಳಾಟ, ಇವು ಆ ಚಿತ್ರದಲ್ಲಿ ಕಾಣುವುದಿಲ್ಲ. ಓರಗೆಯವರು ಕುಡಿಯುವುದನ್ನು ತರುಣರು ಇದ್ದುದಕ್ಕಿಂತ ಹೆಚ್ಚೆಂದೇ ಎಣಿಸುತ್ತಾರೆಂದು ಇದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಆ ತಪ್ಪೆಣಿಕೆಯೇ ಮೊದಲ ಗ್ಲಾಸನ್ನು ಕೈಗೆ ಕೊಡುತ್ತದೆ.

2014ರಲ್ಲಿ ‘ನೆಕ್‌ನಾಮಿನೇಟ್’ ಎಂಬ ಆಟ ಫೇಸ್‌ಬುಕ್ಕಿನಲ್ಲಿ ಹಬ್ಬಿತು. ಒಬ್ಬನು ಒಂದೇ ಉಸಿರಿಗೆ ಮದ್ಯ ಕುಡಿದು, ಅದರ ಚಿತ್ರ ತೋರಿಸಿ, ‘ಇನ್ನು ನಿನ್ನ ಸರದಿ’ ಎಂದು ಗೆಳೆಯರ ಹೆಸರು ಹೇಳುವುದು. ಐರ್ಲೆಂಡ್, ಬ್ರಿಟನ್ನುಗಳಲ್ಲಿ ತರುಣರ ಪ್ರಾಣವೇ ಹೋಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಯುವಕನೊಬ್ಬ ತನ್ನ ಸರದಿ ಬಂದಾಗ ಕುಡಿಯಲಿಲ್ಲ. ಬೀದಿಯಲ್ಲಿ ನಿಂತಿದ್ದ ಬಡವನಿಗೆ ಊಟ ಕೊಟ್ಟು, ಆ ಚಿತ್ರ ಹಾಕಿದ. ಅದನ್ನು ಕಂಡು ಬೇರೆಯವರೂ ಹಾಗೆ ಮಾಡಿದರು. ಹಗ್ಗ ಒಂದೇ. ಕೊರಳಿಗೆ ಬಿದ್ದರೆ ಉರುಲು, ಕೊಡಕ್ಕೆ ಕಟ್ಟಿದರೆ ನೀರು.

ಆಸ್ಟ್ರೇಲಿಯದ ಕ್ರಿಸ್ ರೇನ್ ಎಂಬ ಯುವಕ 2009ರಲ್ಲಿ ಒಂದು ವರ್ಷ ಮದ್ಯ ಬಿಟ್ಟು, ತನ್ನ ಅನುಭವವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಬರೆದ. ಮುಂದೆ ಅದೇ ‘ಹಲೋ ಸಂಡೇ ಮಾರ್ನಿಂಗ್’ ಎಂಬ ಸಂಸ್ಥೆಯಾಯಿತು. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಬಲ ಹೆಚ್ಚು.

ಇದು ನಮಗೆ ಹೊಸದೇ? ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಹಣ ಬೇಡಲಿಲ್ಲ, ದುಶ್ಚಟವನ್ನೇ ಭಿಕ್ಷೆಯಾಗಿ ಬೇಡಿದರು. ಜನ ಎಲ್ಲರ ಎದುರಿಗೆ ಚಟ ಬಿಡುವೆವೆಂದು ಮಾತು ಕೊಟ್ಟರು. ಆ ಜೋಳಿಗೆ ಈಗ ನಿಮ್ಮ ಅಂಗೈಯಲ್ಲಿಯೂ ಇರಬಹುದೆಂದು ನಾವು ಹೇಳುತ್ತೇವೆ.

ಹೇಗೆ? ಐದು ಜನ ಗೆಳೆಯರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿರಿ. ‘ಇಂದು ಕುಡಿಯಲಿಲ್ಲ’ ಎಂದು ಪ್ರತಿ ರಾತ್ರಿ ಬರೆಯಿರಿ. ಒಬ್ಬ ಬರೆಯದಿದ್ದರೆ ಉಳಿದವರು ಅವನ ಮನೆಗೆ ಹೋಗಿರಿ. ಎಡವಿದವನನ್ನು ಹಂಗಿಸಬೇಡಿರಿ, ಕುಡಿದು ಬಿದ್ದವನ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು ಕುಡಿತಕ್ಕಿಂತ ಸಣ್ಣ ಪಾಪವಲ್ಲ. ಗ್ಲಾಸಿನ ಚಿತ್ರ ಬಂದರೆ ನಿಂತು ನೋಡಬೇಡಿರಿ. ನೀವು ನೋಡಿದ್ದನ್ನೇ ಮತ್ತೆ ಮತ್ತೆ ತಂದು ತೋರಿಸುವುದು ಆ ಯಂತ್ರದ ಗುಣ.

ಇನ್ನೊಂದು ಎಚ್ಚರ. ದಿನವೂ ವಿಪರೀತ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಬಹುದು, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅಂಥವನನ್ನು ಪ್ರತಿಜ್ಞೆಯೊಂದಕ್ಕೇ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ವ್ಯಸನ ಬಿಡಿಸಲು ಸರ್ಕಾರದ 14446 ಎಂಬ ಉಚಿತ ದೂರವಾಣಿಯೂ ಇದೆ.

ತಂದೆಯರಿಗೂ ಒಂದು ಮಾತು. ಸಂಜೆ ತಾನು ಕುಡಿದು ಬಂದು ಮಗನ ಮೊಬೈಲು ಕಸಿದುಕೊಂಡರೆ ಫಲವಿಲ್ಲ. ಮೊದಲು ನಿಮ್ಮ ಭಿಕ್ಷೆ ಜೋಳಿಗೆಗೆ ಬೀಳಲಿ. ಮಗನು ಅದನ್ನು ನೋಡಿಯೇ ಕಲಿಯುತ್ತಾನೆ.

ಇಂದು ರಾತ್ರಿಯೇ ಐವರನ್ನು ಕೂಡಿಸಿರಿ. ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬಂದು ನಮಗೆ ಲೆಕ್ಕ ಒಪ್ಪಿಸಿರಿ.