ವಿದ್ಯಾರ್ಥಿನಿಲಯದಲ್ಲಿರುವ ಗರ್ಭಿಣಿ ವಿದ್ಯಾರ್ಥಿನಿ ಹಾಗೂ ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪದವಿ ವ್ಯಾಸಂಗ ಮುಗಿಯುವ ಮೊದಲೇ ವಿವಾಹವಾಗುವ ಹೆಣ್ಣುಮಕ್ಕಳು ನಮ್ಮ ಗ್ರಾಮಗಳಲ್ಲಿ ಅನೇಕರಿದ್ದಾರೆ. ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುವ ಇಂತಹ ಒಬ್ಬಳು ಗರ್ಭಿಣಿಯಾದಳೆಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, "ಓದು ಸಾಕು, ಊರಿಗೆ ಬಾ" ಎಂಬುದು. ಹೀಗೆ ಬಿಟ್ಟ ಓದು ಮರಳಿ ಕೈಗೂಡುವುದು ವಿರಳ. ಗರ್ಭಧಾರಣೆಯು ಕೆಲವು ತಿಂಗಳುಗಳ ವಿಷಯ. ಪದವಿಯಾದರೋ ಆಕೆಯ ಜೀವಮಾನದ ಆಧಾರ.

ಕಾನೂನು ಹಾಗೂ ನಿಯಮಗಳು ಆಕೆಯ ಪರವಾಗಿವೆ. ಸ್ನಾತಕ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿ ವಿನಾಯಿತಿ ಮತ್ತು ಪರೀಕ್ಷಾ ಅರ್ಜಿ ಸಲ್ಲಿಕೆಗೆ ಕಾಲಾವಕಾಶ ದೊರೆಯುವಂತೆ ನಿಯಮ ರೂಪಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಡಿಸೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆ. 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಎಂ.ಎಡ್. ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ, ಓದು ಮತ್ತು ತಾಯ್ತನ ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳುವ ಸ್ಥಿತಿಗೆ ಹೆಣ್ಣನ್ನು ದೂಡಲಾಗದೆಂಬ ನಿಲುವು ತಳೆಯಿತು. ಆದರೆ ಈ ಸೌಲಭ್ಯಗಳನ್ನು ಲಿಖಿತ ಅರ್ಜಿಯ ಮೂಲಕ ಕೇಳಬೇಕು. ಕೇಳಲು ಹಿಂಜರಿಯುವ ಹುಡುಗಿಗೆ ಊರಿನ ಸದಸ್ಯರ ಬೆಂಬಲವೇ ಬಲ.

ನಿಜವಾದ ತೊಡಕು ಇರುವುದು ಊರು ಮತ್ತು ನಿಲಯದ ನಡುವಿನ ಅಂತರದಲ್ಲಿ. ಆಕೆಯ ಹೆಸರು ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುತ್ತದೆ, ಆಕೆ ಮಾತ್ರ ಪಟ್ಟಣದಲ್ಲಿರುತ್ತಾಳೆ. ನಿಲಯದ ಬಡಾವಣೆಯ ಆಶಾ ಕಾರ್ಯಕರ್ತೆಗೆ ಆಕೆ ಇರುವುದೇ ತಿಳಿಯದು. ಮಾತೃಪೂರ್ಣ ಯೋಜನೆಯ ಬಿಸಿಯೂಟವು ಅಂಗನವಾಡಿಯಲ್ಲಿಯೇ ದೊರೆಯುವುದರಿಂದ ಊರಿನ ಪಟ್ಟಿಯಲ್ಲಿರುವ ಹೆಸರು ಪಟ್ಟಣದಲ್ಲಿ ಹೊಟ್ಟೆ ತುಂಬಿಸದು. ಕನಿಷ್ಠ 4 ಬಾರಿ ಆಗಬೇಕಾದ ತಪಾಸಣೆ, 180 ಕಬ್ಬಿಣಾಂಶದ ಮಾತ್ರೆಗಳು, ಧನುರ್ವಾಯು ನಿರೋಧಕ ಚುಚ್ಚುಮದ್ದು ಇವೆಲ್ಲವೂ ಹೀಗೆಯೇ ತಪ್ಪಿಹೋಗುತ್ತವೆ. ತಾಯಿ ಕಾರ್ಡನ್ನು ಆಕೆ ಸದಾ ಜೊತೆಯಲ್ಲಿರಿಸಿಕೊಂಡರೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಿಯೂ ತಪಾಸಣೆ ಮುಂದುವರಿಸಬಹುದು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆಯನ್ನೂ ಆಕೆಗೆ ತಿಳಿಸಬೇಕು.

ಆದುದರಿಂದ ಸದಸ್ಯರು ಈ ಕೆಳಗಿನ ಕಾರ್ಯಗಳನ್ನು ಕೈಗೊಳ್ಳುವುದು ಅಗತ್ಯ:

1. ಊರಿನ ಆಶಾ ಕಾರ್ಯಕರ್ತೆಯು ನಿಲಯದ ವ್ಯಾಪ್ತಿಯ ಆಶಾ ಕಾರ್ಯಕರ್ತೆಗೆ ಮಾಹಿತಿ ನೀಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳುವುದು.

2. ನಿಲಯದ ಸಮೀಪದ ಅಂಗನವಾಡಿಯಲ್ಲಿ ಊಟ ದೊರಕಿಸುವಂತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಪತ್ರ ಬರೆಯುವುದು.

3. ಅರ್ಹಳಿದ್ದಲ್ಲಿ, ಮೊದಲ ಮಗುವಿಗೆ ಸಂಬಂಧಿಸಿದಂತೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ಅರ್ಜಿ ಹಾಕಿಸುವುದು.

4. ನೆಲಮಹಡಿಯ ಕೊಠಡಿ, ಕೆಳಗಿನ ಮಂಚ, ಸಮೀಪದ ಶೌಚಾಲಯ ಒದಗಿಸುವಂತೆ ನಿಲಯದ ಮೇಲ್ವಿಚಾರಕರನ್ನು ಕೋರುವುದು. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಮುಖ ಊದಿಕೊಳ್ಳುವಿಕೆ, ಮಗುವಿನ ಚಲನೆ ಕಡಿಮೆಯಾಗುವಿಕೆ ಕಂಡುಬಂದಲ್ಲಿ ರಾತ್ರಿಯಾದರೂ ಕಾಯದೆ 108ಕ್ಕೆ ಕರೆ ಮಾಡುವಂತೆ ಸಹಪಾಠಿಗಳಿಗೂ ತಿಳಿಸಿರುವುದು.

5. ಹೆರಿಗೆಯ ನಂತರ ಆಕೆ ಕಾಲೇಜಿಗೆ ಮರಳಿದಳೇ ಎಂದು ವಿಚಾರಿಸುವುದು. ಮಗುವನ್ನು ನೋಡಿಕೊಳ್ಳುವ ಬಗ್ಗೆ ತವರು ಹಾಗೂ ಅತ್ತೆ ಮನೆಯವರೊಡನೆ ಮಾತನಾಡುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವಿದ್ಯಾರ್ಥಿನಿಗೆ 18 ವರ್ಷ ತುಂಬಿರದಿದ್ದಲ್ಲಿ ವಿಷಯವೇ ಬೇರೆ. 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. 1098ಕ್ಕೂ ಕರೆ ಮಾಡಬಹುದು. ಮದುವೆಯಾಗಿದೆ ಎಂಬ ಕಾರಣಕ್ಕಾಗಲೀ, ಊರಿನ ಮರ್ಯಾದೆಯ ಹೆಸರಿನಲ್ಲಾಗಲೀ ರಾಜಿ ಮಾಡಿಸುವುದು ಸಲ್ಲದು. ಹಾಗೆಂದು ಚಿಕಿತ್ಸೆಯೂ ಒಂದು ದಿನದ ಮಟ್ಟಿಗೂ ನಿಲ್ಲಬಾರದು.

ವಯಸ್ಕಳಾದ ವಿದ್ಯಾರ್ಥಿನಿಯ ವಿಚಾರವನ್ನು, ಆಕೆ ವಿವಾಹಿತಳಿರಲಿ, ಅವಿವಾಹಿತಳಿರಲಿ, ಗ್ರಾಮಸಭೆಯಲ್ಲಿ ಹೆಸರು ಹಿಡಿದು ಚರ್ಚಿಸತಕ್ಕದ್ದಲ್ಲ. ಆಕೆಯ ಒಪ್ಪಿಗೆ ಪಡೆದು, ಸಾಧ್ಯವಾದಷ್ಟೂ ಮಹಿಳಾ ಸದಸ್ಯರೇ ಮಾತನಾಡುವುದು ಸೂಕ್ತ. ಗುಟ್ಟು ಹೊರಬಿದ್ದೀತೆಂಬ ಭಯವಿದ್ದಲ್ಲಿ ಯಾವ ಹುಡುಗಿಯೂ ನೆರವು ಕೇಳಲು ಮುಂದೆ ಬರುವುದಿಲ್ಲ.

ಈ ಯಾವ ಕಾರ್ಯಕ್ಕೂ ಪಂಚಾಯಿತಿಯು ಪ್ರತ್ಯೇಕ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ಎರಡು ಪತ್ರ, ನಾಲ್ಕು ದೂರವಾಣಿ ಕರೆ ಹಾಗೂ ಸದಸ್ಯರ ಕಾಳಜಿ ಇದ್ದರೆ ಸಾಕು. ತಾಯಿ, ಮಗು ಹಾಗೂ ಪದವಿ ಮೂರನ್ನೂ ಉಳಿಸಿಕೊಳ್ಳಬಹುದು.