ಯಾರ ಕೆಲಸ, ಯಾರ ಹಣ?

(ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಕೀಲರಲ್ಲ. ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವರು. ಆದರೂ ಇಂದು ಕಾಯಿದೆಯ ಮಾತನ್ನೇ ತಮ್ಮ ಮುಂದೆ ಇಡಬೇಕಾಗಿದೆ. ಏಕೆಂದರೆ ಕಾಯಿದೆ ತಿಳಿಯದುದಕ್ಕೆ ದಂಡ ತೆರುವವರು ವಕೀಲರಲ್ಲ, ನಾವು.

ಮೊದಲು ನಮ್ಮದೇ ಕಥೆ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಹನ್ನೊಂದು ಮಂದಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದೆವು. ನಮ್ಮನ್ನು ಕೆಲಸಕ್ಕೆ ಸೇರಿಸಿದಾತ ಊರಿನ ಕಡೆಯವನು. ‘ಅಣ್ಣ’ ಎಂದೇ ಕರೆಯುತ್ತಿದ್ದೆವು. ಎರಡು ತಿಂಗಳ ಪಗಾರ ಬಾಕಿ ಇಟ್ಟು ಒಂದು ದಿನ ಅಣ್ಣ ಕಾಣೆಯಾದ. ಅವನು ಇನ್ನೊಬ್ಬ ಗುತ್ತಿಗೆದಾರನಿಂದ ಕೆಲಸ ಹಿಡಿದ ಒಳಗುತ್ತಿಗೆದಾರ ಎಂಬುದು ಅಂದೇ ನಮಗೆ ತಿಳಿದದ್ದು. ಆ ಮೇಲಿನವನ ಹೆಸರೇನು, ಕಚೇರಿ ಎಲ್ಲಿ? ಯಾರಿಗೂ ಗೊತ್ತಿಲ್ಲ. ಕಾರ್ಖಾನೆಯ ಗೇಟಿಗೆ ಹೋದರೆ, “ನಮ್ಮ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಹೋಗಿರಿ” ಎಂದರು. ಅರ್ಜಿ ಬರೆಯೋಣವೆಂದರೆ ಯಾರ ಮೇಲೆ ಬರೆಯುವುದು? ಊರಿಗೆ ಕಳಿಸಬೇಕಾಗಿದ್ದ ಹಣ ಹಾಗೆಯೇ ಮುಳುಗಿತು. ಒಬ್ಬನ ಮನೆಯಲ್ಲಿ ತಂಗಿಯ ಮದುವೆಯೇ ಮುಂದಕ್ಕೆ ಹೋಯಿತು.

ಈ ಗೋಳು ಕ್ಯಾಂಟೀನಿನದು ಮಾತ್ರವಲ್ಲ. ಹಳೆಯ ಗಿರಣಿಗಳ ನೆಲದಲ್ಲಿ ಇಂದು ಎತ್ತರದ ಕಟ್ಟಡಗಳು ಎದ್ದಿವೆ. ಅಂಥ ಕಡೆ ಬಣ್ಣ ಬಳಿಯುವ, ಟೈಲ್ಸು ಹಾಕುವ ನಮ್ಮ ಮಕ್ಕಳನ್ನು “ಯಾರ ಕೆಲಸ?” ಎಂದು ಕೇಳಿರಿ. “ಮೇಸ್ತ್ರಿಯ ಕೆಲಸ” ಎನ್ನುತ್ತಾರೆ. ಮೇಸ್ತ್ರಿಯ ಮೇಲೆ ಯಾರೆಂದು ಕೇಳಿದರೆ ಬಾಯಿ ಕಟ್ಟುತ್ತದೆ.

ಇದಕ್ಕೆ ಬೇರೆ ದೇಶದವರು ಏನು ಮಾಡಿಕೊಂಡಿದ್ದಾರೆ ಎಂಬುದನ್ನು ನೋಡೋಣ. ಅಲ್ಲಿ ‘ಲೀನ್’ ಎಂಬ ಹಕ್ಕು ಇದೆ. ಬಾಕಿ ತೀರುವ ತನಕ ಸೊತ್ತನ್ನು ಹಿಡಿದಿಡುವ ಹಕ್ಕು ಎಂದು ಅದರ ಅರ್ಥ. ನಮ್ಮ ೧೮೭೨ರ ಕರಾರು ಕಾಯಿದೆಯಲ್ಲಿಯೂ ಇದರ ಒಂದು ರೂಪವಿದೆ. ದರ್ಜಿಗೆ ಬಟ್ಟೆ ಕೊಟ್ಟು ಕೋಟು ಹೊಲಿಸಿದರೆ, ಹೊಲಿಗೆಯ ಕೂಲಿ ಕೈಗೆ ಬರುವ ತನಕ ಅವನು ಕೋಟನ್ನು ಇಟ್ಟುಕೊಳ್ಳಬಹುದು. ಆದರೆ ಗೋಡೆ ಕಟ್ಟಿದವನು ಗೋಡೆಯನ್ನು ಹೊತ್ತುಕೊಂಡು ಹೋಗಲಾದೀತೇ? ಅದಕ್ಕಾಗಿ ಅಮೇರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ, ವಾಷಿಂಗ್ಟನ್ ರಾಜಧಾನಿ ಕಟ್ಟುವ ಕಾಲದಲ್ಲಿ, ೧೭೯೧ರಲ್ಲಿ ಒಂದು ಕಾಯಿದೆ ಆಯಿತು. ಕಟ್ಟಿದವನ ಬಾಕಿ ಆ ಕಟ್ಟಡದ ಮೇಲೆಯೇ ಕುಳಿತುಕೊಳ್ಳುತ್ತದೆ ಎಂದು ಅದು ಸಾರಿತು. ಕ್ಯಾಲಿಫೋರ್ನಿಯದಲ್ಲಿ ಈ ಹಕ್ಕು ಸಂಸ್ಥಾನದ ಸಂವಿಧಾನದಲ್ಲಿಯೇ ಸೇರಿದೆ.

ಆದರೆ ಹಕ್ಕು ಇದ್ದರೆ ಸಾಲದು, ಅದಕ್ಕೆ ವಾಯಿದೆಯೂ ಉಂಟು. ಕ್ಯಾಲಿಫೋರ್ನಿಯದಲ್ಲಿ ಒಳಗುತ್ತಿಗೆದಾರನು ಕೆಲಸಕ್ಕೆ ತೊಡಗಿದ ೨೦ ದಿನಗಳೊಳಗೆ ಕಟ್ಟಡದ ಮಾಲಕನಿಗೆ, ಮೇಲಿನ ಗುತ್ತಿಗೆದಾರನಿಗೆ, ಕಟ್ಟಲು ಸಾಲ ಕೊಟ್ಟ ಬ್ಯಾಂಕಿಗೆ ನೋಟೀಸು ಕೊಡಬೇಕು. ತಡವಾದರೆ, ನೋಟೀಸಿನ ಹಿಂದಿನ ೨೦ ದಿನಗಳಿಗಿಂತ ಮೊದಲು ಮಾಡಿದ ಕೆಲಸಕ್ಕೆ ಈ ಹಕ್ಕು ದೊರೆಯದು. ಬರಿಯ ಕೂಲಿಗೆ ದುಡಿಯುವವನಿಗೆ ಮಾತ್ರ ಈ ನೋಟೀಸಿನ ಕಟ್ಟುಪಾಡಿಲ್ಲ.

ಈಗ ಕೇಳಿರಿ: ಮಾಲಕ ಯಾರೆಂದು ತಿಳಿಯದಿದ್ದರೆ ನೋಟೀಸು ಯಾರಿಗೆ ಕೊಡುವುದು? ನಮ್ಮ ಕ್ಯಾಂಟೀನಿನ ಪ್ರಶ್ನೆಯೇ ಅಲ್ಲಿಯೂ ಎದ್ದಿತು. ಅದಕ್ಕೆ ಅಲ್ಲಿಯ ಕಾಯಿದೆ ಕೊಟ್ಟ ಉತ್ತರವೇ ಇಂದಿನ ನಮ್ಮ ಮುಖ್ಯ ಮಾತು. ನೋಟೀಸು ಕೊಡಬಯಸುವ ಯಾರೇ ಆಗಲಿ, ಅವರಿಗೆ ಮಾಲಕನ ಹೆಸರು ವಿಳಾಸ, ಸಾಲ ಕೊಟ್ಟವನ ಹೆಸರು ವಿಳಾಸ ದೊರಕುವಂತೆ ಮಾಡುವುದು ಮೇಲಿನ ಗುತ್ತಿಗೆದಾರನ ಕರ್ತವ್ಯ. ದಯೆಯಲ್ಲ, ಕರ್ತವ್ಯ! ಕೆಲಸ ಮುಗಿಯಿತೆಂಬ ಸುದ್ದಿಯನ್ನೂ ಮುಚ್ಚಿಡುವಂತಿಲ್ಲ. ಕೆಲಸ ಮುಗಿದ ೯೦ ದಿನಗಳೊಳಗೆ ಒಳಗುತ್ತಿಗೆದಾರನು ತನ್ನ ಹಕ್ಕನ್ನು ದಾಖಲು ಮಾಡಬಹುದು. ಮಾಲಕನು ಮುಕ್ತಾಯದ ಪತ್ರವನ್ನು ದಾಖಲು ಮಾಡಿದರೆ ಆ ಅವಧಿ ೩೦ ದಿನಕ್ಕೆ ಇಳಿಯುತ್ತದೆ. ಆದರೆ ನೋಟೀಸು ಕೊಟ್ಟವರಿಗೆ ಮಾಲಕನು ೧೦ ದಿನಗಳೊಳಗೆ ಆ ಪತ್ರದ ಪ್ರತಿ ಕಳಿಸಬೇಕು. ಕಳಿಸದಿದ್ದರೆ ಅವರ ಪಾಲಿಗೆ ಅವಧಿ ಇಳಿಯುವುದಿಲ್ಲ. ಸುದ್ದಿ ಮುಚ್ಚಿಟ್ಟವನಿಗೆ ಅದರ ಲಾಭ ದಕ್ಕಬಾರದು ಎಂಬುದೇ ಇದರ ನ್ಯಾಯ.

ನಮ್ಮ ದೇಶದಲ್ಲಿ ಕಟ್ಟಡದ ಮೇಲೆ ಇಂಥ ಹಕ್ಕು ಕೊಡುವ ಕಾಯಿದೆ ಇಲ್ಲ. ಹಾಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಕನೇ ಕೊಡಬೇಕೆಂದು ೧೯೭೦ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. ಆ ಕಾಯಿದೆಯ ಜಾಗದಲ್ಲಿ ೨೦೨೫ರ ನವೆಂಬರ ೨೧ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಐವತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ, ೨೦೨೦ರ ಸುರಕ್ಷತಾ ಸಂಹಿತೆಯ ಪ್ರಕಾರ ಮೂಲ ಮಾಲಕನು ಬಾಕಿ ಪಗಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ಮುರಿದುಕೊಳ್ಳಬೇಕು. ಅಲ್ಲಿ ಗುತ್ತಿಗೆದಾರ ಎಂದರೆ ಒಳಗುತ್ತಿಗೆದಾರನೂ ಸೇರಿದ. ೨೦೧೯ರ ವೇತನ ಸಂಹಿತೆಯಾದರೋ, ಕೆಲಸಕ್ಕೆ ಇಟ್ಟುಕೊಂಡವನು ಕೊಡದಿದ್ದರೆ ಆ ಸಂಸ್ಥೆಯ ಒಡೆಯನೇ ಹೊಣೆ ಎನ್ನುತ್ತದೆ. ಪಗಾರದ ದರ, ಪಗಾರದ ದಿನ, ಇನ್‌ಸ್ಪೆಕ್ಟರನ ಹೆಸರು ವಿಳಾಸಗಳನ್ನು ಎದ್ದು ಕಾಣುವ ಕಡೆ ಬೋರ್ಡಿನಲ್ಲಿ ಹಾಕಬೇಕೆಂದೂ, ಪಗಾರದ ಚೀಟಿ ಕೊಡಬೇಕೆಂದೂ ಅದೇ ಸಂಹಿತೆ ವಿಧಿಸುತ್ತದೆ. ಬಾಕಿಗಾಗಿ ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು. ಕೆಲಸಗಾರನೇ ಹಾಕಬೇಕೆಂದಿಲ್ಲ, ನೋಂದಾಯಿತ ಯೂನಿಯನ್ನೂ ಅವನ ಪರವಾಗಿ ಹಾಕಬಹುದು.

ಹೀಗೆ ಹೊಣೆ ಒಡೆಯನವರೆಗೆ ಏರುತ್ತದೆ. ಆದರೆ ಒಡೆಯನ ಹೆಸರೇ ತಿಳಿಯದಿದ್ದರೆ ಆ ಏಣಿಯ ಮೊದಲ ಮೆಟ್ಟಿಲೇ ಇಲ್ಲದಂತೆ. ಕ್ಯಾಲಿಫೋರ್ನಿಯದಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ: ಪಗಾರ ನಿಂತ ಮೇಲೆ ಹೆಸರು ಹುಡುಕಬಾರದು, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಕೇಳಬೇಕು.

ಆದುದರಿಂದ ಬಂಧುಗಳೇ, ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿರಿ. ಅದರಲ್ಲಿ ನಾಲ್ಕು ಸಂಗತಿ ಬರೆಯಿರಿ. ಸೇರಿಸಿದವನ ಪೂರ್ತಿ ಹೆಸರು ಮತ್ತು ಫೋನು. ಅವನ ಮೇಲಿನ ಗುತ್ತಿಗೆದಾರನ ಹೆಸರು ಮತ್ತು ಕಚೇರಿ. ಜಾಗದ ಒಡೆಯನ ಹೆಸರು. ನಿಮ್ಮ ಹಾಜರಿ ಮತ್ತು ಪಡೆದ ಹಣ. ಗೇಟುಪಾಸು, ಸಾಮಾನಿನ ಬಿಲ್ಲು, ಬಾಗಿಲ ಬೋರ್ಡು, ಇವುಗಳಲ್ಲಿ ಹೆಸರು ಸಿಕ್ಕೇ ಸಿಗುತ್ತದೆ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿದೆ, ಚಿತ್ರ ತೆಗೆದಿಡಿರಿ. “ಅದೆಲ್ಲ ನಿನಗೇಕೋ?” ಎಂದು ಮುಕಾದಮನು ಗದರಿಸಿದರೆ ಒಬ್ಬನೇ ಎದುರು ನಿಲ್ಲಬೇಡಿರಿ. ಸಂಘಕ್ಕೆ ಬನ್ನಿರಿ, ಸಂಘದ ಕಾಗದದಲ್ಲಿ ನಾವು ಕೇಳುತ್ತೇವೆ.

ಊರಿನವನು ಎಂಬ ವಿಶ್ವಾಸವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ವಿಶ್ವಾಸವೂ ಇರಲಿ, ಬರವಣಿಗೆಯೂ ಇರಲಿ. ನಮ್ಮ ಅಣ್ಣನನ್ನು ನಾವು ಇಂದಿಗೂ ಕಂಡಿಲ್ಲ. ಅವನ ಪೂರ್ತಿ ಹೆಸರೂ ನಮಗೆ ತಿಳಿಯದು. ಮುಂದಿನ ಭಾನುವಾರ ಬರುವಾಗ ನಿಮ್ಮ ಪುಸ್ತಕ ತನ್ನಿರಿ. ಆ ಹೆಸರುಗಳನ್ನು ಸಂಘದ ದೊಡ್ಡ ಪುಸ್ತಕಕ್ಕೆ ಇಳಿಸಿಕೊಳ್ಳೋಣ.